ಕೈ ಬೀಸಿದಷ್ಟು ಅಲೆ ಓಡುವುದಿಲ್ಲ

ಪರದೆಯ ಮೇಲಿರುವುದು ಮೂರು ಮೀಟರ್ ಹಗ್ಗ. ಒಂದು ತುದಿ ಬಾಗಿಲ ಚಿಲಕಕ್ಕೆ ಕಟ್ಟಿದೆ, ಇನ್ನೊಂದು ನನ್ನ ಕೈಯಲ್ಲಿದೆ. ಮೊಬೈಲ್ ಸೆಕೆಂಡಿಗೆ 240 ಚಿತ್ರಗಳನ್ನು ಹಿಡಿಯುತ್ತಿದೆ. ಕೈ ಮೇಲೆದ್ದು, ಕೆಳಗಿಳಿದು, ಹೊರಟಲ್ಲಿಗೇ ಮರಳುವಷ್ಟರಲ್ಲಿ 120 ಚಿತ್ರಗಳು ಸರಿದಿವೆ. ಅಂದರೆ ಒಂದು ಆವರ್ತಕ್ಕೆ ಅರ್ಧ ಸೆಕೆಂಡು. ಒಂದನ್ನು ಅದರಿಂದ ಭಾಗಿಸಿದರೆ ಆವೃತ್ತಿ, ಅಂದರೆ ಸೆಕೆಂಡಿಗೆ ಎಷ್ಟು ಆವರ್ತಗಳು ಎಂಬ ಎಣಿಕೆ: 2 ಹರ್ಟ್ಸ್.

ಈಗ ಹಗ್ಗದಲ್ಲಿ ಎರಡು ಉಬ್ಬುಗಳು ನಿಂತಿವೆ, ನಡುವೆ ಅಲುಗದ ಒಂದು ಬಿಂದುವಿದೆ. ಕೈಯ ಚಲನೆ ತೀರಾ ಸಣ್ಣದು, ಹಾಗಾಗಿ ಈ ತುದಿಯನ್ನೂ ಅಲುಗದ ಬಿಂದುವೆಂದೇ ಎಣಿಸಿದ್ದೇನೆ. ಗಮನಿಸಿ, ಒಂದು ಉಬ್ಬು ಎಂದರೆ ಅರ್ಧ ತರಂಗ ಮಾತ್ರ. ಪರೀಕ್ಷೆಯಲ್ಲಿ ಅಂಕ ಕೈಜಾರುವುದು ಇಲ್ಲೇ. ಎರಡೂ ಸೇರಿದರೆ ಒಂದು ಪೂರ್ಣ ತರಂಗ, ಅದರ ಉದ್ದವೇ ತರಂಗದೂರ: 3 ಮೀಟರ್. ಆವೃತ್ತಿಯಿಂದ ಗುಣಿಸಿ: ವೇಗ ಸೆಕೆಂಡಿಗೆ 6 ಮೀಟರ್.

ಇನ್ನು ಕೈಗೆ ಚುರುಕು. ಸೆಕೆಂಡಿಗೆ ಮೂರು ಸಲ ಬೀಸಿದಾಗ ಮೂರು ಉಬ್ಬುಗಳೆದ್ದವು, ತರಂಗದೂರ 2 ಮೀಟರಿಗೆ ಇಳಿಯಿತು. ಗುಣಿಸಿ ನೋಡಿ, ಮತ್ತದೇ 6. ತೋಳು ನೋಯಿಸಿಕೊಂಡದ್ದಷ್ಟೇ ಬಂತು, ಅಲೆ ಒಂದಿಷ್ಟೂ ಬೇಗ ಓಡಲಿಲ್ಲ! ವೇಗವನ್ನು ನಿರ್ಧರಿಸುವುದು ಹಗ್ಗದ ಬಿಗಿತ ಮತ್ತು ಅದರ ಪ್ರತಿ ಮೀಟರಿನ ದ್ರವ್ಯರಾಶಿ. ಬಿಗಿತವನ್ನು ನಾಲ್ಕು ಪಟ್ಟು ಮಾಡಿದರೆ ವೇಗ ಎರಡು ಪಟ್ಟಾಗುತ್ತದೆ. ಆವೃತ್ತಿ ಕೈಯದು, ವೇಗ ಹಗ್ಗದ್ದು, ತರಂಗದೂರ ಇವೆರಡರ ಫಲ.

ವೇಗ = ಆವೃತ್ತಿ × ತರಂಗದೂರ ಎಂಬ ಸೂತ್ರವನ್ನು ತ್ರಿಕೋನದೊಳಗೆ ಬರೆದು, ಬೇಕಾದ ಅಕ್ಷರವನ್ನು ಬೆರಳಿನಿಂದ ಮುಚ್ಚುವ ವಿಧಾನ ನನಗೆ ಹಿಡಿಸದಿರುವುದು ಇದಕ್ಕೇ. ಉತ್ತರವೇನೋ ಸಿಗುತ್ತದೆ, ಯಾವುದು ಯಾರ ಹಿಡಿತದಲ್ಲಿದೆ ಎಂಬುದು ಮಾತ್ರ ತಿಳಿಯುವುದಿಲ್ಲ. 440 ಹರ್ಟ್ಸ್ ಸ್ವರವನ್ನೇ ತೆಗೆದುಕೊಳ್ಳಿ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಆದ್ದರಿಂದ ತರಂಗದೂರ 78 ಸೆಂಟಿಮೀಟರ್. ಅದೇ ಸ್ವರ ನೀರಿಗಿಳಿದರೆ ವೇಗ ಸುಮಾರು 1,480ಕ್ಕೆ ಏರುತ್ತದೆ. ಆವೃತ್ತಿ 440 ಬಿಟ್ಟು ಕದಲುವುದಿಲ್ಲ, ಹಿಗ್ಗುವುದು ತರಂಗದೂರ: ಹತ್ತಿರ ಹತ್ತಿರ 3.4 ಮೀಟರ್.

ಅಲೆ ಎಷ್ಟು ಎತ್ತರಕ್ಕೆ ಏಳುತ್ತದೆ ಎನ್ನುವುದಕ್ಕೆ, ಅಂದರೆ ಅದರ ಪಾರಕ್ಕೆ, ಈ ಲೆಕ್ಕದಲ್ಲಿ ಕೆಲಸವಿಲ್ಲ. ಗಟ್ಟಿಯಾಗಿ ಕೂಗಿದ ಮಾತ್ರಕ್ಕೆ ಶಬ್ದ ಬೇಗ ತಲುಪುವುದಿಲ್ಲ.

ಕೊನೆಗೆ ಈ ಎರಡು ನಕ್ಷೆಗಳು. ವಕ್ರರೇಖೆ ಎರಡರಲ್ಲೂ ಒಂದೇ. ಮೊದಲನೆಯದರ ಅಡ್ಡ ಅಕ್ಷದಲ್ಲಿ ದೂರವಿದೆ, ಶೃಂಗದಿಂದ (ಅಲೆಯ ಅತಿ ಎತ್ತರದ ಬಿಂದುವಿನಿಂದ) ಮುಂದಿನ ಶೃಂಗಕ್ಕೆ ಅಳೆದರೆ ತರಂಗದೂರ. ಎರಡನೆಯದರಲ್ಲಿ ಕಾಲವಿದೆ, ಅದೇ ಅಳತೆ ಕೊಡುವುದು ಆವರ್ತದ ಅವಧಿಯನ್ನು. ಸ್ಕೇಲು ಇಡುವ ಮೊದಲು ಅಕ್ಷದ ಹೆಸರು ಓದಿ.