ಗ್ಯಾಲರಿ ಜಾಲರಿ: ನೀರಿಗೆ ದಾರಿ ಬಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬೈಗೆ ಮಳೆಗಾಲ ಬರುವುದು ಸಾಮಾನ್ಯವಾಗಿ ಜೂನ್ 11ರ ಸುಮಾರಿಗೆ. ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಸೊಳ್ಳೆ ಜಾಲರಿ ಹಾಕಿಸಿಕೊಂಡವರು ಅದಕ್ಕೆ ಮೊದಲೇ ಮಾಡಬೇಕಾದ ಒಂದು ಕೆಲಸ ಇದೆ. ಡೊಂಬಿವಲಿ ಇರಲಿ, ಮುಲುಂಡ್ ಇರಲಿ, ಮೀರಾ ರೋಡ್ ಇರಲಿ, ನಮ್ಮ ಮನೆಗಳಲ್ಲಿ ಸಂಜೆಯ ಚಹಾ, ಮಕ್ಕಳ ಹೋಂವರ್ಕ್, ಬಟ್ಟೆ ಒಣಗಿಸುವುದು ಎಲ್ಲ ಗ್ಯಾಲರಿಯಲ್ಲೇ ಅಲ್ವಾ? ಹಾಗಾಗಿ ಸ್ವಲ್ಪ ಗಮನ ಕೊಟ್ಟು ಕೇಳಿ.

ಜಾಲರಿಯ ಬಾಗಿಲು ಜಾರುವ ಅಲ್ಯುಮಿನಿಯಂ ಟ್ರ್ಯಾಕ್ ಇದೆಯಲ್ಲ, ಕೆಳಗಿನದು, ಅದರ ಹೊರ ಅಂಚಿನಲ್ಲಿ ಸಣ್ಣ ಸಣ್ಣ ಸೀಳುಗಳಿರುತ್ತವೆ. ಜಾಲರಿ ಸೊಳ್ಳೆ ತಡೆಯುತ್ತದೆ, ಮಳೆ ತಡೆಯುವುದಿಲ್ಲ. ಒಳಗೆ ಬಿದ್ದ ನೀರು ಆ ಸೀಳುಗಳಿಂದಲೇ ಹೊರಗೆ ಹೋಗಬೇಕು. ನಾನು ಇವತ್ತು ಹೇಳುವುದು ಇದೊಂದೇ ಮಾತು: ನೀರಿಗೆ ದಾರಿ ಬಿಡಿ.

ಠಾಣೆ ನಗರದಲ್ಲಿ ಕುಂದಾಪುರ ಕಡೆಯ ಒಬ್ಬ ಅಕ್ಕನ ಮನೆಗೆ ಹೋಗಿದ್ದೆ. ಜುಲೈ ತಿಂಗಳು, ಜೋರು ಮಳೆ. ಬಾಗಿಲು ತೆಗೆದವರೇ ಶುರು ಮಾಡಿದರು: "ಎಂತ ಮಾರಾಯ್ರೆ, ಇಷ್ಟು ಖರ್ಚು ಮಾಡಿ ಜಾಲರಿ ಹಾಕ್ಸಿದ್ದೇವೆ, ಸೊಳ್ಳೆ ಮೊದಲಿಗಿಂತ ಜಾಸ್ತಿ!" ಜಾಲರಿ ನೋಡಿದೆ. ಹೊಸದು, ಎಲ್ಲೂ ಹರಿದಿಲ್ಲ. ಜಾಲರಿಯನ್ನು ಚೌಕಟ್ಟಿಗೆ ಹಿಡಿದಿಡುವ ಅಂಚಿನ ರಬ್ಬರ್ ಪಟ್ಟಿ, ಬೀಡಿಂಗ್, ಗಟ್ಟಿಯಾಗಿ ಕೂತಿದೆ. ತುಳಸಿ ಕುಂಡದ ತಟ್ಟೆಯೂ ಒಣಗಿದೆ. ಆಮೇಲೆ ಮೊಣಕಾಲೂರಿ ಕೂತು ಟ್ರ್ಯಾಕಿಗೆ ಟಾರ್ಚ್ ಬಿಟ್ಟೆ. ಅರ್ಧ ಬೆರಳು ನೀರು ನಿಂತಿತ್ತು. ಬೆಳಕು ಬಿದ್ದದ್ದೇ ತಡ, ನೀರಿನ ಮೇಲೆ ತಲೆಕೆಳಗಾಗಿ ನೇತಾಡುತ್ತಿದ್ದ ಹುಳುಗಳೆಲ್ಲ ವಿಲಿವಿಲಿ ಒದ್ದಾಡಿ ಕೆಳಗಿಳಿದವು. ಸೊಳ್ಳೆ ಮರಿಗಳು! ಸೊಳ್ಳೆ ಹೊರಗಿಂದ ಬರುತ್ತಿರಲಿಲ್ಲ, ಜಾಲರಿಯ ಒಳಗೇ ಹುಟ್ಟುತ್ತಿತ್ತು. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಈ ಸೆಖೆಯಲ್ಲಿ ವಾರ, ಹತ್ತು ದಿನ ಸಾಕು.

ಆದದ್ದೇನು? ಆ ಸೀಳುಗಳಿಂದ ಇರುವೆ ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಅಕ್ಕ ಎಲ್ಲಕ್ಕೂ ಸಿಲಿಕೋನ್ ಅಂಟು ತುಂಬಿಸಿದ್ದರು. ಬ್ಲೇಡಿನಿಂದ ಒಂದೊಂದನ್ನೇ ಕೊಯ್ದು ತೆಗೆದೆ. ಮೊದಲನೆಯದು ಬಿಡಿಸಿದ ಕೂಡಲೇ ಕಪ್ಪು ನೀರು ಹೊರಕ್ಕೆ ನುಗ್ಗಿತು. ಅದರ ಜೊತೆ ಪಾರಿವಾಳದ ಪುಕ್ಕ, ಕೊಳೆತ ತುಳಸಿ ಎಲೆ, ಬಟ್ಟೆಯ ನೂಲು. ಕೆಳಗಿನ ಮನೆಯವರು ತಮ್ಮ ಸೀಲಿಂಗಿಗೆ ನೀರು ಜಿನುಗುತ್ತದೆ ಎಂದು ಸೊಸೈಟಿಯಲ್ಲಿ ಜಗಳ ತೆಗೆದಿದ್ದರಂತೆ. ಅದಕ್ಕೂ ಈ ನಿಂತ ನೀರೇ ಕಾರಣವಾಗಿತ್ತು. ಸೀಳು ಬಿಡಿಸಿದ ಮೇಲೆ ಜಿನುಗುವುದು ನಿಂತಿತು.

ಹಾಗಾಗಿ ಯಾರೇ ಹೇಳಲಿ, ಎಷ್ಟೇ ಹೇಳಲಿ, ದಯವಿಟ್ಟು ಆ ಸೀಳು ಮುಚ್ಚಬೇಡಿ. ಹುಳ ಬರುತ್ತದೆ ಎಂಬ ಚಿಂತೆ ಇದ್ದರೆ ಅದೇ ಜಾಲರಿಯ ಒಂದು ತುಂಡು ಕತ್ತರಿಸಿ ಸೀಳಿನ ಮೇಲೆ ಅಂಟಿಸಿ. ನೀರು ಹೋಗುತ್ತದೆ, ಹುಳ ಬರುವುದಿಲ್ಲ.

ಪರೀಕ್ಷೆ ಸುಲಭ. ಕೆಳಗೆ ಯಾರೂ ಓಡಾಡುತ್ತಿಲ್ಲ ಎಂದು ನೋಡಿಕೊಂಡು ಟ್ರ್ಯಾಕಿಗೆ ಒಂದು ಮಗ್ ನೀರು ಸುರಿಯಿರಿ. ನೋಡನೋಡುತ್ತಿದ್ದಂತೆ ಖಾಲಿ ಆಗಬೇಕು. ಆಗದಿದ್ದರೆ ಹಳೆ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ತಿಕ್ಕಿ. ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಇದನ್ನು ಮಾಡಿ. ಐದು ನಿಮಿಷದ ಕೆಲಸ. ಇಷ್ಟಕ್ಕೂ ಪುರುಸೊತ್ತಿಲ್ಲ ಎನ್ನುವವರಿಗೆ ನಾನು ಏನು ಹೇಳಲಿ?

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಜಾಲರಿ ತೊಳೆಯಲು ನೀರು, ಸೌಮ್ಯ ಸೋಪು, ಮೆತ್ತನೆ ಬಟ್ಟೆ ಸಾಕು. ಬಾತ್‌ರೂಮಿನ ಆಸಿಡ್ ತಾಗಿಸಲೇಬೇಡಿ, ಅಲ್ಯುಮಿನಿಯಂ ತಿಂದು ಹಾಕುತ್ತದೆ. ವರ್ಸೋವಾ, ವರಳಿ ಕಡೆ, ಅಂದರೆ ಸಮುದ್ರದ ಹತ್ತಿರ ಇರುವವರು ಮಳೆ ತಾಗದ ಮೂಲೆಗಳನ್ನು ಹೆಚ್ಚು ತೊಳೆಯಬೇಕು. ಮಳೆ ಬಿದ್ದ ಕಡೆ ಉಪ್ಪು ತೊಳೆದು ಹೋಗುತ್ತದೆ, ಬೀಳದ ಕಡೆ ಅಲ್ಲೇ ಕೂತಿರುತ್ತದೆ. ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದಿದ್ದರೆ ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸಿ. ಕಡಲ ಅಂಚಿನಲ್ಲಿದ್ದರೆ 316 ಗ್ರೇಡ್ ಎಂದು ಕೇಳಿಯೇ ತೆಗೆದುಕೊಳ್ಳಿ. ಬಿಸಿಲಿಗೆ ಜಾಲರಿ ಪುಡಿಪುಡಿ ಆಗುತ್ತಿದ್ದರೆ ಚೌಕಟ್ಟು ಬದಲಿಸುವ ಅಗತ್ಯವಿಲ್ಲ. ಬೀಡಿಂಗ್ ಎಳೆದು ಜಾಲರಿಯನ್ನಷ್ಟೇ ಹೊಸದು ಹಾಕಬಹುದು.

ಕೊನೆಯದಾಗಿ ಬಿರುಗಾಳಿ. 2021ರ ಮೇ 17ರಂದು ತೌಕ್ತೆ ಚಂಡಮಾರುತದ ದಿನ ಕೊಲಾಬಾದಲ್ಲಿ ಗಾಳಿ ಗಂಟೆಗೆ ನೂರು ಕಿಲೋಮೀಟರ್ ಮೀರಿ ಬೀಸಿತ್ತು. ಒದ್ದೆಯಾದ ಜಾಲರಿ ಗಾಳಿಯನ್ನು ಸಲೀಸಾಗಿ ಬಿಡುವುದಿಲ್ಲ, ಚೌಕಟ್ಟಿನ ಸಮೇತ ಟ್ರ್ಯಾಕಿನಿಂದ ಏಳಬಹುದು. ಎಚ್ಚರಿಕೆ ಬಂದ ಕೂಡಲೇ, ಗಾಳಿ ಶುರುವಾಗುವ ಮೊದಲೇ, ಜಾರುವ ಬಾಗಿಲುಗಳನ್ನು ಕಳಚಿ ಒಳಗಿಡಿ. ಒಬ್ಬರೇ ಎತ್ತಬೇಡಿ, ಇಬ್ಬರು ಸೇರಿ ಎತ್ತಿ. ಆಗ ಟ್ರ್ಯಾಕ್ ಪೂರ್ತಿ ಖಾಲಿ ಸಿಗುತ್ತದೆ, ಬ್ರಷ್ ಎಲ್ಲ ಮೂಲೆಗೂ ಹೋಗುತ್ತದೆ. ಅದನ್ನೂ ಅವತ್ತೇ ಮುಗಿಸಿಬಿಡಿ. ನಮಸ್ಕಾರ.