ಆಳು ಸಿಗೋದಿಲ್ಲ: ಎಷ್ಟು ಸಂಬಳಕ್ಕೆ?

ಎಲ್ಲರಿಗೂ ನಮಸ್ಕಾರ.

ನಮ್ಮ ಉಡುಪಿಯಲ್ಲಿ ಯಾವ ಮದುವೆ ಮನೆಗಾದರೂ ಹೋಗಿ, ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ಈ ಮಾತು ಎತ್ತಿಯೇ ಎತ್ತುತ್ತಾರೆ. "ತೋಟಕ್ಕೆ ಆಳೇ ಸಿಗೋದಿಲ್ಲ ಮಾರಾಯ್ರೆ. ಸರ್ಕಾರ ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿತು." ಸುತ್ತ ಕೂತವರು ಹೌದು ಹೌದು ಅನ್ನುತ್ತಾರೆ. ಅಷ್ಟರಲ್ಲಿ ಪಾಯಸ ಬರುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಈ ಸಂಜೆ ಆ ಮಾತನ್ನು ಸ್ವಲ್ಪ ಮುಂದಕ್ಕೆ ಒಯ್ಯೋಣ ಅಂತ ನನ್ನ ಆಸೆ.

ಮೀನು ಮಾರ್ಕೆಟ್ಟಿನಿಂದ ಬರಿಗೈಯಲ್ಲಿ ಬಂದವರು ಮನೆಯಲ್ಲಿ ಏನು ಹೇಳುತ್ತಾರೆ? "ಅಂಜಲ್ ಇತ್ತು, ರೇಟು ಜಾಸ್ತಿ, ತರಲಿಲ್ಲ." ಮೀನಿನ ವಿಷಯದಲ್ಲಿ ನಾವು ರೇಟು ಮರೆಯುವುದಿಲ್ಲ. ಆಳಿನ ವಿಷಯ ಬಂದಾಗ ಮಾತ್ರ ಮರೆಯುತ್ತೇವೆ. "ಆಳು ಸಿಗೋದಿಲ್ಲ" ಅನ್ನುವುದು ಅರ್ಧ ವಾಕ್ಯ. "ನಾನು ಕೊಡುವ ಸಂಬಳಕ್ಕೆ ಆಳು ಸಿಗೋದಿಲ್ಲ" ಅಂದರೆ ಪೂರ್ತಿಯಾಗುತ್ತದೆ. ಹಾಗೆ ಪೂರ್ತಿ ಮಾಡಿದ ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಬೇಡ ಅಂದ ಆ ಮನುಷ್ಯನಿಗೆ ಬೇರೆ ಏನು ದಾರಿ ಇತ್ತು? ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವಳು ನಾನು. ಕೆಲಸದ ಬಗ್ಗೆ, ಸರ್ಕಾರದ ಯೋಜನೆಗಳ ಬಗ್ಗೆ ಯಾವುದೇ ಜಗಳ ಬಂದರೂ ಮೊದಲು ಇದನ್ನೇ ಕೇಳುತ್ತೇನೆ.

ಈ ಪ್ರಶ್ನೆಯನ್ನು ನಾನು ಕಲಿತದ್ದು ಕ್ಲಾಸಿನಲ್ಲಿ ಅಲ್ಲ, ನಮ್ಮ ಮನೆಯ ಜಗಲಿಯಲ್ಲಿ. ಅಮ್ಮ ಬೀಡಿ ಕಟ್ಟುತ್ತಿದ್ದರು. ರಾತ್ರಿ ಎಲೆ ನೀರು ಹಾಕಿ ಮೆತ್ತಗೆ ಮಾಡಿ ಇಡುವುದು. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸುವುದು. ಆಮೇಲೆ ತಡ್ಪೆ, ಅಂದರೆ ಮೊರ, ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಸಂಜೆಯವರೆಗೂ ಅದೇ. ಹೊಗೆಸೊಪ್ಪು ಹಾಕಿ ಸುರುಳಿ ಸುತ್ತುವುದು, ಬಾಯಿ ಮಡಚುವುದು, ನೂಲು ಸುತ್ತುವುದು. ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಶಾಲೆಯಿಂದ ಬಂದ ಮೇಲೆ ಬಾಯಿ ಮಡಚುವ ಕೆಲಸ ನನ್ನದು. ಈಗಲೂ ಆ ಹೊಗೆಸೊಪ್ಪಿನ ಘಾಟು ನೆನೆದರೆ ಸೀನು ಬರುತ್ತದೆ.

ಊರಿಗೆ ಇದ್ದದ್ದು ಬೀಡಿ ಕಂಪನಿಯ ಒಂದೇ ಬ್ರಾಂಚು. ಎಲೆ ಕೊಡುವುದೂ ಅಲ್ಲೇ, ಬೀಡಿ ತೆಗೆದುಕೊಳ್ಳುವುದೂ ಅಲ್ಲೇ. ಕೊಟ್ಟ ಎಲೆಯಲ್ಲಿ ಅರ್ಧ ತೂತು ಇರುತ್ತಿತ್ತು. ಸಾವಿರ ತುಂಬದಿದ್ದರೆ ಅಮ್ಮ ತಮ್ಮ ದುಡ್ಡಲ್ಲಿ ಎಲೆ ತರಬೇಕು. ಒಪ್ಪಿಸುವಾಗ ಒಂದೆರಡು ಹಿಡಿ ಬೀಡಿ "ಸರಿಯಿಲ್ಲ" ಅಂತ ಪಕ್ಕಕ್ಕೆ ಹೋಗುತ್ತಿತ್ತು. ಅದಕ್ಕೆ ದುಡ್ಡಿಲ್ಲ, ಆದರೆ ಬೀಡಿ ವಾಪಸ್ಸೂ ಕೊಡುತ್ತಿರಲಿಲ್ಲ. ಅಮ್ಮ ಯಾಕೆ ಸುಮ್ಮನಿದ್ದರು? ಇನ್ನೊಂದು ಬ್ರಾಂಚು ನಾಲ್ಕು ಮೈಲಿ ದೂರ. ಮನೆಯಲ್ಲಿ ಹಸು, ಮಕ್ಕಳು, ಮುದಿ ಅತ್ತೆ. ಅಮ್ಮನಿಗೆ ಬೇರೆ ದಾರಿ ಇರಲಿಲ್ಲ. ಅದು ಬ್ರಾಂಚಿನವರಿಗೂ ಗೊತ್ತಿತ್ತು.

ಕೊಳ್ಳುವವನು ಒಬ್ಬನೇ ಇದ್ದಾಗ ಮಾರುವವರಿಗೆ ಏನಾಗುತ್ತದೆ ಎಂಬುದನ್ನು ಜೋನ್ ರಾಬಿನ್ಸನ್ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞೆ 1933ರಲ್ಲೇ ವಿವರವಾಗಿ ಬರೆದರು. ಕಾಲೇಜಿನಲ್ಲಿ ಅದನ್ನು ಓದಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಅಮ್ಮನ ಕೂಲಿ ಕಡಿಮೆ ಇದ್ದದ್ದು ಅವರ ಕೈ ನಿಧಾನ ಅಂತ ಅಲ್ಲ. ಕೆಲಸ ಕೊಡುವವನು ಒಬ್ಬನೇ ಇದ್ದ, ಅಷ್ಟೇ.

ಈಗ ಕನಿಷ್ಠ ಕೂಲಿಯ ವಿಷಯಕ್ಕೆ ಬರೋಣ. "ಕೂಲಿ ಏರಿಸಿದರೆ ಕೆಲಸವೇ ಹೋಗುತ್ತದೆ" ಅಂತ ಬಹಳ ಜನ ಹೇಳುತ್ತಾರೆ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ ಫಾಸ್ಟ್ ಫುಡ್ ಅಂಗಡಿಗಳನ್ನು ಮೊದಲೂ ಆಮೇಲೂ ವಿಚಾರಿಸಿ ನೋಡಿದರು. ಏರಿಸಿದ ಕಡೆ ಕೆಲಸ ಕಡಿಮೆಯಾಗಿರಲಿಲ್ಲ. ಆ ಫಲಿತಾಂಶದ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಕ್ರೂಗರ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಹಾಗಂತ ಎಷ್ಟು ಬೇಕಾದರೂ ಏರಿಸಬಹುದು ಅಂತ ನಾನು ಹೇಳುವುದಿಲ್ಲ. ಬೀಡಿಯನ್ನೇ ನೋಡಿ. ಸೇದುವವರು ಕಡಿಮೆಯಾಗಬೇಕು ಅಂತ ನಾವೇ ಬಯಸುತ್ತೇವೆ. 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿಗೆ 28% ಹಾಕಿದರು. ಅಂಥ ಕಸುಬಿನಲ್ಲಿ ಕಾಗದದ ಮೇಲೆ ಕೂಲಿ ಏರಿತು ಅಂದುಕೊಳ್ಳಿ. ಬ್ರಾಂಚಿನವರು ವಾರಕ್ಕೆ ಆರು ದಿನದ ಬದಲು ಮೂರು ದಿನಕ್ಕಾಗುವಷ್ಟೇ ಎಲೆ ಕೊಡಬಹುದು. ನಮ್ಮೂರಿನಲ್ಲಿ ಹಾಗೆ ಆಗಿದೆ. ಆದ್ದರಿಂದ ರೇಟು ಏರಿಸಿದರೆ ಮಾತ್ರ ಸಾಲದು, ಬೀಡಿ ಕಟ್ಟುವವರಿಗೆ ಇನ್ನೊಂದು ಬಾಗಿಲೂ ತೆರೆಯಬೇಕು.

ಆ ಬಾಗಿಲು ಕೆಲವೊಮ್ಮೆ ಒಂದು ಬಸ್ಸು. 2023ರ ಜೂನ್ 11ಕ್ಕೆ, ಹೆಂಗಸರಿಗೆ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾದಾಗ "ಹೆಂಗಸರು ಸುಮ್ನೆ ತಿರುಗಾಡುತ್ತಾರೆ" ಅಂತ ಎಷ್ಟು ಮಾತು ಕೇಳಿದೆವು! ನನಗೆ ಆಗ ನೆನಪಾದದ್ದು ಆ ನಾಲ್ಕು ಮೈಲಿ. ಪೇಟೆಯ ಗೇರುಬೀಜದ ಕಾರ್ಖಾನೆಗೋ ಬಟ್ಟೆ ಅಂಗಡಿಗೋ ಹೋಗಿಬರುವ ಬಸ್ಸಿನ ಖರ್ಚು ದಿನದ ಸಂಬಳದಲ್ಲಿ ಒಂದು ಪಾಲು ತಿಂದರೆ, ಹೆಂಗಸು ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಾಳೆ. ಟಿಕೆಟ್ ಉಳಿದರೆ ಪೇಟೆಯ ಕೆಲಸ ಕೈಗೆಟುಕುತ್ತದೆ. ಆಗ ಊರಲ್ಲಿ ಕೆಲಸ ಕೊಡುವವನೂ ಯೋಚಿಸಿ ಮಾತಾಡಬೇಕಾಗುತ್ತದೆ. ಬಸ್ಸು ಹತ್ತದ ಹೆಂಗಸಿಗೂ ಇದರಿಂದ ಲಾಭ ಇದೆ, ನೋಡಿ.

ಆದರೆ ಶಕ್ತಿ ಇರುವುದು ಸರ್ಕಾರಿ ಬಸ್ಸಿನಲ್ಲಿ. ಕರಾವಳಿಯಲ್ಲಿ ಖಾಸಗಿ ಬಸ್ಸೇ ಜಾಸ್ತಿ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಶುರುವಾದಾಗಿನಿಂದ ನಮ್ಮ ಓಡಾಟ ನಡೆದದ್ದು ಖಾಸಗಿಯವರಿಂದ. ಅವರ ಸೇವೆ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಈಗ ಒಂದೇ ರಾಜ್ಯದಲ್ಲಿ ಬೇರೆ ಜಿಲ್ಲೆಯ ಹೆಂಗಸಿಗೆ ಪುಕ್ಕಟೆ ಸಿಗುವ ಪ್ರಯಾಣಕ್ಕೆ ನಮ್ಮ ಹಳ್ಳಿಯ ಹೆಂಗಸು ದುಡ್ಡು ಕೊಡುತ್ತಾಳೆ. ಸರ್ಕಾರ ಹೊಸ ಬಸ್ಸು ಓಡಿಸಬೇಕೋ, ಖಾಸಗಿ ಬಸ್ಸಿನ ಟಿಕೆಟ್ ಹಣ ತಾನೇ ಭರಿಸಬೇಕೋ? ಯಾವುದಕ್ಕೆ ಖರ್ಚು ಕಡಿಮೆ, ಯಾವುದರಿಂದ ಹೆಚ್ಚು ಜನ ಕೆಲಸಕ್ಕೆ ತಲುಪುತ್ತಾರೆ? ಈ ಲೆಕ್ಕ ಹಾಕಿ ಜಗಳ ಆಡಿದರೆ ಆ ಜಗಳಕ್ಕೆ ಬೆಲೆ ಇದೆ.

ಅಕ್ಕಿಯ ಮಾತಿಗೆ ವಾಪಸ್ ಬರುತ್ತೇನೆ. ಅನ್ನಭಾಗ್ಯ ಶುರುವಾದದ್ದು 2013ರ ಜುಲೈಯಲ್ಲಿ. ಮೊದಲು ಕೆಜಿಗೆ 1 ರೂಪಾಯಿ ಇತ್ತು, ಆಮೇಲೆ ಪುಕ್ಕಟೆಯಾಯಿತು. ಮನೆಯಲ್ಲಿ ಅಕ್ಕಿ ಇದ್ದವನು ನಾಳೆ ಬೆಳಿಗ್ಗೆ ಯಾರು ಕರೆದರೂ, ಎಷ್ಟು ಕೊಟ್ಟರೂ ಹೋಗಲೇಬೇಕು ಅಂತ ಇರುವುದಿಲ್ಲ. ಎರಡು ದಿನ ಕಾಯಬಹುದು. ಜ್ವರ ಇದ್ದರೆ ಮಲಗಬಹುದು. ನಾವು ಅದಕ್ಕೆ ಸೋಮಾರಿತನ ಅನ್ನುತ್ತೇವೆ. ಇಲ್ಲಿ ಕೂತಿರುವ ನಮಗೆಲ್ಲ ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡಿದೆ, ಅದರಿಂದಲೇ ಬೇಡದ ಕೆಲಸಕ್ಕೆ ಬೇಡ ಅನ್ನುತ್ತೇವೆ. ಅದು ತಪ್ಪು ಅಂತ ನಮಗೆ ಯಾವತ್ತೂ ಅನಿಸಿಲ್ಲ ಅಲ್ವಾ?

"ಆಳು ಸಿಗೋದಿಲ್ಲ" ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅನ್ನಭಾಗ್ಯಕ್ಕಿಂತ ಎಷ್ಟೋ ವರ್ಷ ಹಿಂದೆ. ನಮ್ಮ ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿ ಬೇಡ ಅಂದರೆ ಗದ್ದೆ ಬಿಡಬೇಕಾದ ಗೇಣಿದಾರ. ಧಣಿಗಳ ಮನೆಯಲ್ಲಿ ಮದುವೆಯಾಗಲಿ, ಶ್ರಾದ್ಧವಾಗಲಿ, ಅಜ್ಜ ಅಜ್ಜಿ ಇಬ್ಬರೂ ಹೋಗಿ ಸೌದೆ ಒಡೆಯಬೇಕು, ಪಾತ್ರೆ ತಿಕ್ಕಬೇಕು. ಕೂಲಿ ಕೇಳುವಂತಿಲ್ಲ. ಬರುವುದಿಲ್ಲ ಅಂದರೆ ಒಕ್ಕಲೆಬ್ಬಿಸುವ ಹೆದರಿಕೆ. ದೇವರಾಜ ಅರಸು ಅವರ ಸರ್ಕಾರದ ಭೂ ಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವ ಗದ್ದೆ ತನ್ನದಾಗಬೇಕು ಅಂತ ಅಜ್ಜ ಡಿಕ್ಲರೇಶನ್ ಹಾಕಿದರು, ಭೂ ನ್ಯಾಯಮಂಡಳಿಯಲ್ಲಿ ಗದ್ದೆ ಅವರ ಹೆಸರಿಗಾಯಿತು. ಮುಂದಿನ ಮದುವೆಗೆ ಅವರು ಚಾಕರಿಗೆ ಹೋಗಲಿಲ್ಲ. ಆ ವರ್ಷ ದೊಡ್ಡ ಮನೆಯ ಚಾವಡಿಯಲ್ಲಿ ಇದೇ ಮಾತು: "ಈಗ ಆಳೇ ಸಿಗೋದಿಲ್ಲ, ಜನ ಕೊಬ್ಬಿದ್ದಾರೆ."

ಆ ಗದ್ದೆ ಈಗ ಅಡಿಕೆ ತೋಟ. ನನ್ನ ಅಣ್ಣ ನೋಡಿಕೊಳ್ಳುತ್ತಾನೆ. ಇವತ್ತು ಆಳು ಸಿಗೋದಿಲ್ಲ ಅನ್ನುವವನು ಅವನೇ.

ಅಣ್ಣನ ಕಷ್ಟ ಸುಳ್ಳಲ್ಲ. ಮಳೆ ಹಿಡಿಯುವ ಮುಂಚೆ ಮೈಲುತುತ್ತು, ಸುಣ್ಣ ಸೇರಿಸಿ ಮದ್ದು ಬಿಡಬೇಕು. ತಪ್ಪಿದರೆ ಕೊಳೆರೋಗ, ಎಳೆಕಾಯಿ ಎಲ್ಲ ನೆಲಕ್ಕೆ. ಆ ವಾರ ಸುತ್ತಲಿನ ಎಲ್ಲ ತೋಟಕ್ಕೂ ಅದೇ ನಾಲ್ಕೈದು ಜನ ಬೇಕು. ಕೂಲಿ ಏರುತ್ತದೆ. ಅಡಿಕೆಯ ರೇಟು ಅಣ್ಣನ ಕೈಯಲ್ಲಿಲ್ಲ. ಒಂದು ಎಕರೆಯವನಿಗೆ ಇದು ದೊಡ್ಡ ಹೊಡೆತ. ಆದರೆ ಮರ ಹತ್ತುವವನ ಕಡೆಯಿಂದಲೂ ನೋಡಬೇಕು. ಜಾರುವ ಮರ. ಒಂದರಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟಬೇಕು. ಬಿದ್ದು ಸೊಂಟ ಮುರಿದವರನ್ನು ನಮ್ಮೂರು ಕಂಡಿದೆ. ಅವನ ಮಗ ಮರ ಹತ್ತುವುದು ಬಿಟ್ಟು ಪೇಂಟಿಂಗ್ ಕೆಲಸಕ್ಕೋ, ಮುಂಬೈಯ ಹೋಟೆಲಿಗೋ, ಗಲ್ಫಿಗೋ ಹೋದರೆ ನನಗೆ ಸಂತೋಷವೇ. ನಮ್ಮವರು ಹಾಗೆ ಹೊರಗೆ ಹೋಗುತ್ತಾರೆ, ಹೊರಗಿನವರು ಮಲ್ಪೆ ಬಂದರಿಗೆ ಬಂದು ಬೋಟು ಹತ್ತುತ್ತಾರೆ. ಅವರು ಬಂದದ್ದರಿಂದ ಬೋಟು ಕಡಲಿಗೆ ಇಳಿಯುತ್ತದೆ. ಬೋಟು ಇಳಿದರೆ ಐಸ್ ಪ್ಲಾಂಟಿನವರಿಗೆ, ಬಲೆ ಹೆಣೆಯುವವರಿಗೆ, ಮೀನು ಮಾರುವ ಹೆಂಗಸರಿಗೆ ಕೆಲಸ.

ಕೂಲಿ ಏರಿದ್ದರಿಂದ ತೋಟದಲ್ಲಿ ಇನ್ನೊಂದು ಬದಲಾವಣೆಯೂ ಬಂತು. ಆಳು ಅಗ್ಗಕ್ಕೆ ಸಿಗುತ್ತಿದ್ದಾಗ ಮರ ಹತ್ತದೆ ಅಡಿಕೆ ಕೊಯ್ಯುವ ಯೋಚನೆಗೆ ಯಾರೂ ದುಡ್ಡು ಹಾಕಲಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ, ಅಂದರೆ ಹಗುರವಾದ ಉದ್ದ ಕೋಲು, ಬಂದಿದೆ. ನೆಲದಲ್ಲೇ ನಿಂತು ಮದ್ದು ಬಿಡಬಹುದು, ಗೊನೆ ಕೊಯ್ಯಬಹುದು. ಬೆಲೆ ಜಾಸ್ತಿ, ಕೈ ಕುತ್ತಿಗೆ ನೋಯುತ್ತದೆ, ಅಭ್ಯಾಸ ಬೇಕು. ಸಣ್ಣ ರೈತರು ಒಟ್ಟಾಗಿ ಕೊಳ್ಳಲು ಸರ್ಕಾರ ಸಹಾಯಧನ ಕೊಟ್ಟರೆ ಆ ದುಡ್ಡು ದಂಡವಲ್ಲ ಅಂತ ನನ್ನ ಅಭಿಪ್ರಾಯ.

ನಮ್ಮ ಪಕ್ಕದ ಮನೆಯ ಹುಡುಗ ದೋಟಿಯ ಕೆಲಸ ಕಲಿತಿದ್ದಾನೆ. ಅವನ ಅಪ್ಪ ಮರದಿಂದ ಬಿದ್ದವರು, ಈಗ ಜಗಲಿಯಲ್ಲಿ ಕೂತು ಮಗನ ಫೋನ್ ನೋಡಿಕೊಳ್ಳುತ್ತಾರೆ. ಮೇ ತಿಂಗಳು ಬಂದರೆ ಅಣ್ಣ ಅವರಿಗೆ ಫೋನ್ ಮಾಡುತ್ತಾನೆ, ರೇಟು ಕೇಳುತ್ತಾನೆ, ಅವರು ಹೇಳಿದ ದಿನಕ್ಕೆ ಮದ್ದು ತಯಾರು ಮಾಡಿ ಇಟ್ಟುಕೊಳ್ಳುತ್ತಾನೆ.