ನುರಿತವರು, ಪಳಗಿದವರು

ಕೇಳುಗರಿಗೆ ನಮಸ್ಕಾರ.

ಪೇಪರ್ ತೆಗೆದರೆ ಸಾಕು, 'ನುರಿತ ತಜ್ಞರಿಂದ ತರಬೇತಿ' ಅಂತ ಜಾಹೀರಾತು. ಕೋಚಿಂಗ್ ಸೆಂಟರ್ ಶುರುವಾದದ್ದು ಮೊನ್ನೆ. ಕಲಿಸುವವರು ಕಾಲೇಜು ಮುಗಿಸಿದ್ದು ಹೋದ ವರ್ಷ. ಆದರೂ ನುರಿತವರು! ಈ ಮಾತನ್ನು ನಾವು ತೀರಾ ಅಗ್ಗ ಮಾಡಿಬಿಟ್ಟಿದ್ದೇವೆ.

ನುರಿ ಅಂದರೆ ಅರೆದು ನುಣ್ಣಗಾಗು, ಪುಡಿಯಾಗು. ಅನ್ನವನ್ನು ಚೆನ್ನಾಗಿ ಅಗಿದು ತಿನ್ನುವುದಕ್ಕೆ ನುರಿಸಿ ತಿನ್ನುವುದು ಅನ್ನುತ್ತೇವೆ. ಒಂದೇ ಕೆಲಸದಲ್ಲಿ ಹಾಗೆ ಅರೆದುಹೋದವರು ನುರಿತವರು. ಚುರುಕಾದ ಹುಡುಗನನ್ನು ಇವತ್ತೇ ಜಾಣ ಅನ್ನಬಹುದು. ನುರಿತವ ಅನ್ನಲು ಕಾಯಬೇಕು. 'ನುರಿತ ಅನುಭವಿ' ಅಂತ ಬರೆಯುವವರೂ ಇದ್ದಾರೆ. ನುರಿತ ಅಂದಮೇಲೆ ಅನುಭವ ಅದರೊಳಗೇ ಬಂತಲ್ವಾ?

ಇದರ ನೆಂಟ ಪಳಗು. ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು. ಪಳಗು ಮಾತ್ರ ತನ್ನ ಪಕಾರ ಬಿಡಲಿಲ್ಲ, ಹಟಮಾರಿ! ಪಳಗು ಅಂದ ಕೂಡಲೇ ನನಗೆ ನೆನಪಾಗುವುದು ಆನೆ. ಕೊಡಗಿನ ದುಬಾರೆ, ಶಿವಮೊಗ್ಗದ ಸಕ್ರೆಬೈಲಿನಂಥ ಶಿಬಿರಗಳಲ್ಲಿ ಹಿಡಿದು ತಂದ ಕಾಡಾನೆಯನ್ನು ಕ್ರಾಲ್ ಅನ್ನುವ ದಪ್ಪ ದಿಮ್ಮಿಗಳ ದೊಡ್ಡಿಯಲ್ಲಿ ಇಡುತ್ತಾರೆ. ತಿಂಗಳುಗಟ್ಟಲೆ ಅದೇ ಮಾವುತ, ಅದೇ ದನಿ. ಮೆಲ್ಲಗೆ ಅದು ಮಾತು ಕೇಳತೊಡಗುತ್ತದೆ. ಮುಂದೆ ಇನ್ನೊಂದು ಕಾಡಾನೆ ಹಿಡಿಯಲು ಹೊರಡುವುದೂ ಇಂಥ ಪಳಗಿದ ಆನೆಗಳೇ. ಅದರ ಮೇಲೆ ಕೂತವನನ್ನು ನುರಿತ ಮಾವುತ ಅನ್ನುತ್ತೇವೆ. ನುರಿತ ಆನೆ ಅಂತ ಯಾರೂ ಅನ್ನುವುದಿಲ್ಲ. ಯಾಕೆಂದರೆ ಪಳಗುವುದರಲ್ಲಿ ಕಾಡುತನ ಬಿಡುವುದೂ ಸೇರಿದೆ.

ಮನುಷ್ಯರ ವಿಷಯಕ್ಕೆ ಬಂದಾಗ ಈ ಮಾತು ಜಾಸ್ತಿ ಅಂಟಿಕೊಳ್ಳುವುದು ಕೈಗೆ. ಪಳಗಿದ ಕೈ. ಮೊದಮೊದಲು ಕೈಯೂ ಹೇಳಿದ್ದು ಕೇಳುವುದಿಲ್ಲ ನೋಡಿ. ತಲೆಗೆ ಗೊತ್ತು ಹೋಳಿಗೆ ಹೇಗೆ ಲಟ್ಟಿಸಬೇಕು ಅಂತ. ಕೈ ಹರಿದುಹಾಕುತ್ತದೆ. ಆಗ ಮನೆಯ ಹಿರಿಯರು 'ಇನ್ನೂ ಕೈ ಕುದುರಿಲ್ಲ' ಅನ್ನುತ್ತಾರೆ. ಎಷ್ಟು ನವಿರಾದ ಮಾತು! ತಪ್ಪೂ ಹೇಳಿದಂತಾಯಿತು, ಮಾಡುತ್ತಾ ಇರು ಅಂತ ಬೆನ್ನು ತಟ್ಟಿದಂತೆಯೂ ಆಯಿತು.

ಹಾಗಂತ ಇವು ಹೊಗಳಿಕೆಯ ಮಾತುಗಳು ಅಂದುಕೊಳ್ಳಬೇಡಿ. ಬೀಗ ಮುರಿಯದೆ ಬೀರು ಖಾಲಿ ಮಾಡಿದ್ದರೆ ಪೊಲೀಸರು ಏನಂತಾರೆ? 'ಇದು ಪಳಗಿದ ಕೈಗಳದೇ ಕೆಲಸ.' ಕಳ್ಳನಾದರೂ ಸರಿ, ವರ್ಷಗಟ್ಟಲೆ ಮಾಡಿದ ಕೆಲಸಕ್ಕೆ ಕನ್ನಡ ಆ ಹೆಸರು ಕೊಟ್ಟೇ ಕೊಡುತ್ತದೆ.

ನಮಸ್ಕಾರ.